ಹನ್ನೊಂದು ದಿನ ಬೀರುವಿನಲ್ಲಿದ್ದ ಕಂಪಾಸ್ ಬಾಕ್ಸ್

ಈ ಪ್ರಕರಣದ ಹುಡುಗಿ, ಆಕೆಯ ತಾಯಿ ಮತ್ತು ಶಿಕ್ಷಕರು ಮೂವರೂ ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಊರು, ಶಾಲೆ ಮತ್ತು ಗುರುತು ಹಿಡಿಯಬಹುದಾದ ಇತರ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಪ್ರೌಢಶಾಲೆಗೆ ನಾನು ಆಪ್ತಸಲಹೆಗಾರ್ತಿಯಾಗಿ ತಿಂಗಳಿಗೆ ಎರಡು ಶನಿವಾರ ಹೋಗುತ್ತೇನೆ. ಬೆಳಗಿನ ತರಗತಿಗಳು ಮುಗಿದು ಮಕ್ಕಳು ಬಸ್ಸಿಗೆ ಕಾಯುವ ಹೊತ್ತಿನಲ್ಲಿ, ಪ್ರಯೋಗಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಕುಳಿತು, ಮಾತನಾಡಬೇಕೆಂದು ಬಂದವರ ಜೊತೆ ಮಾತನಾಡುವುದು ನನ್ನ ಕೆಲಸ. ಆಗಸ್ಟ್ ತಿಂಗಳ ಒಂದು ಶನಿವಾರ ಮುಖ್ಯೋಪಾಧ್ಯಾಯಿನಿಯವರು ದೂರು ಪೆಟ್ಟಿಗೆಯಲ್ಲಿ ಸಿಕ್ಕ ಚೀಟಿಯೊಂದನ್ನು ನನ್ನ ಮುಂದಿಟ್ಟರು. ‘ಲೆಕ್ಕದ ಸರ್ ನನ್ನ ದುಡ್ಡು ಕದ್ದಿದ್ದಾರೆ. ಅವರ ಕ್ಲಾಸಿಗೆ ನಾನು ಬರುವುದಿಲ್ಲ’ ಎಂದು ಅದರಲ್ಲಿತ್ತು. ಕೆಳಗೆ ಹೆಸರು, ಒಂಬತ್ತನೇ ತರಗತಿ, ವಿಭಾಗ ಎಲ್ಲವನ್ನೂ ಹುಡುಗಿ ಮುಚ್ಚುಮರೆಯಿಲ್ಲದೆ ಬರೆದಿದ್ದಳು. ಚೀಟಿ ಹಾಕಿದ ಮರುದಿನದಿಂದ ನಾಲ್ಕು ದಿನ ಆಕೆ ಶಾಲೆಗೇ ಬಂದಿರಲಿಲ್ಲ.

ನಡೆದದ್ದನ್ನು ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಹೇಳಿದರು. ತರಗತಿಯಲ್ಲಿ ಯಾರ ಬಳಿಯೋ ಮೊಬೈಲ್ ಇದೆ ಎಂಬ ಗುಮಾನಿಯ ಮೇಲೆ ಗಣಿತದ ಮೇಷ್ಟ್ರು ಮೂರು ಬೆಂಚಿನವರ ಬ್ಯಾಗುಗಳನ್ನು ತಮ್ಮ ಮೇಜಿನ ಮೇಲೆ ಒಂದೊಂದಾಗಿ ಸುರಿಸಿದ್ದರು. ಮೊಬೈಲ್ ಸಿಗಲಿಲ್ಲ. ಈ ಹುಡುಗಿಯ ಕಂಪಾಸ್ ಬಾಕ್ಸಿನೊಳಗೆ ಒಂದು ಇಯರ್‌ಫೋನ್ ಸಿಕ್ಕಿತು. ಅದು ಅಣ್ಣನದೆಂದು ಆಕೆ ಹೇಳಿದ್ದನ್ನು ಮೇಷ್ಟ್ರು ನಂಬಲಿಲ್ಲ. ಬಾಕ್ಸನ್ನೇ ಎತ್ತಿಕೊಂಡು, ‘ಅಪ್ಪನನ್ನು ಕರೆದುಕೊಂಡು ಬಾ, ಆಮೇಲೆ ಕೊಡುತ್ತೇನೆ’ ಎಂದು ಹೇಳಿ ಶಿಕ್ಷಕರ ಕೊಠಡಿಯ ಬೀರುವಿನಲ್ಲಿಟ್ಟರು. ಅಪ್ಪ ಬೆಂಗಳೂರಿನಲ್ಲಿ ಲಾರಿ ಓಡಿಸುತ್ತಾರೆ, ಊರಿಗೆ ಬರುವುದು ಎರಡು ತಿಂಗಳಿಗೊಮ್ಮೆ. ಬಾಕ್ಸಿನಲ್ಲಿ ಸ್ಕೇಲು, ಕೈವಾರ, ಬಸ್ ಪಾಸುಗಳ ಜೊತೆಗೆ ತಾಯಿ ಆ ದಿನ ಸಂಘದ ಕಂತು ಕಟ್ಟಲೆಂದು ಕೊಟ್ಟಿದ್ದ 640 ರೂಪಾಯಿ ಇತ್ತು: ಐನೂರರ ಒಂದು ನೋಟು, ನೂರರ ಒಂದು, ಇಪ್ಪತ್ತರ ಎರಡು. ಬಸ್ ನಿಲ್ದಾಣದ ದಾರಿಯಲ್ಲೇ ಸಂಘದ ಪ್ರತಿನಿಧಿಯ ಮನೆ ಇರುವುದರಿಂದ ಪ್ರತಿವಾರ ಕಂತು ಮುಟ್ಟಿಸುವ ಕೆಲಸ ಆಕೆಯದಾಗಿತ್ತು. ಹನ್ನೊಂದನೇ ದಿನ ತಾಯಿಯೇ ಕೂಲಿ ಬಿಟ್ಟು ಬಂದು ಬೇಡಿಕೊಂಡ ಮೇಲೆ ಬಾಕ್ಸು ಕೈಗೆ ಬಂತು. ಅದರೊಳಗೆ ನೂರರ ನೋಟು ಇರಲಿಲ್ಲ.

‘ನೂರು ರೂಪಾಯಿ ತಾನೇ ಮೇಡಂ, ನಾನೇ ಕೊಟ್ಟು ಮುಗಿಸಿಬಿಡುತ್ತೇನೆ’ ಎಂದರು ಮುಖ್ಯೋಪಾಧ್ಯಾಯಿನಿ. ಅವರ ಕಾಳಜಿಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ನಾನು ಬೇಡವೆಂದೆ. ಮೂರನೆಯವರು ಹಣ ಕೊಟ್ಟ ಕ್ಷಣದಿಂದ ಮೇಷ್ಟ್ರು ಆ ಶಾಲೆಯಲ್ಲಿ ಕದ್ದವರಾಗಿಯೂ ಹುಡುಗಿ ಸುಳ್ಳು ಹೇಳಿದವಳಾಗಿಯೂ ಉಳಿಯುತ್ತಾರೆ, ಯಾರನ್ನು ನಂಬಬೇಕೆಂಬುದನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ತೀರ್ಮಾನಿಸುತ್ತಾರೆ.

ಮೇಷ್ಟ್ರು ಇಪ್ಪತ್ತೆರಡು ವರ್ಷ ಸರ್ವಿಸು ಆದವರು. ಸಂಜೆ ಐದೂವರೆಯವರೆಗೆ ನಿಂತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪುಕ್ಕಟೆಯಾಗಿ ಪಾಠ ಹೇಳುವವರೆಂದು ಊರಿನಲ್ಲಿ ಹೆಸರಿದೆ. ಮೊದಲ ಭೇಟಿಯಲ್ಲಿ ಅವರು ಕುರ್ಚಿಯ ಅಂಚಿನಲ್ಲೇ ಕುಳಿತು, ಚೀಟಿಯಲ್ಲಿದ್ದ ‘ಕದ್ದಿದ್ದಾರೆ’ ಎಂಬ ಪದವನ್ನು ಮೂರು ನಾಲ್ಕು ಸಲ ತಾವೇ ಉಚ್ಚರಿಸಿದರು. ಬಾಕ್ಸನ್ನು ತೆರೆದು ನೋಡಿಲ್ಲವೆಂದೂ, ಬೀರುವಿನ ಬೀಗದ ಕೈ ಗೋಡೆಯ ಮೊಳೆಯಲ್ಲೇ ನೇತಾಡುತ್ತಿರುತ್ತದೆಂದೂ, ಏಳು ಜನ ಅದನ್ನು ಬಳಸುತ್ತಾರೆಂದೂ ಹೇಳಿದರು. ಅವರ ಮಾತು ನಿಜವೆಂದೇ ನನಗೆ ತೋರಿತು. ಆದರೂ ನಾನು ಪತ್ತೇದಾರಿಕೆಗೆ ಇಳಿಯಲಿಲ್ಲ. ನೋಟು ಯಾರ ಕೈಗೆ ಹೋಯಿತೆಂದು ಹುಡುಕಲು ಆಪ್ತಸಲಹೆಗಾರ್ತಿ ಹೊರಟರೆ, ಆ ಕೋಣೆಗೆ ಮತ್ತೆ ಯಾರೂ ಮನಸ್ಸು ಬಿಚ್ಚಲು ಬರುವುದಿಲ್ಲ.

ಹುಡುಗಿಯನ್ನು ತಾಯಿ ಕರೆದುಕೊಂಡು ಬಂದರು. ಮೊದಲ ದಿನ ಆಕೆ ಹಣದ ವಿಷಯ ಬಿಟ್ಟು ಬೇರೇನೂ ಆಡಲಿಲ್ಲ. ಕಂತು ತಪ್ಪಿದ್ದಕ್ಕೆ ಅಮ್ಮ ಪಕ್ಕದ ಮನೆಯವರಲ್ಲಿ ಸಾಲ ಮಾಡಿದ್ದು, ಸಂಘದ ಸಭೆಯಲ್ಲಿ ಮಾತು ಕೇಳಿದ್ದು, ಅಮ್ಮ ತನಗೆ ಹೊಡೆದದ್ದು, ಇದನ್ನೆಲ್ಲ ತಡೆಯಿಲ್ಲದೆ ಒಪ್ಪಿಸಿದಳು. ಬಾಕ್ಸು ಆಕೆಯ ಮಡಿಲಲ್ಲೇ ಇತ್ತು. ಒಂದು ಕಡೆಯ ತಿರುಗಣಿ ಕಿತ್ತುಹೋಗಿದ್ದರಿಂದ ರಬ್ಬರ್ ಬ್ಯಾಂಡು ಸುತ್ತಿದ್ದಳು. ಮುಚ್ಚಳದ ಒಳಗೆ ಎಂಟನೇ ತರಗತಿಯ ವೇಳಾಪಟ್ಟಿ ಇನ್ನೂ ಅಂಟಿಕೊಂಡಿತ್ತು. ಹಣದ ಮಾತು ಅಷ್ಟು ಸಲೀಸಾಗಿ ಬರುತ್ತಿದ್ದುದೇ ನನ್ನಲ್ಲಿ ಅನುಮಾನ ಹುಟ್ಟಿಸಿತು. ಮಗುವಿಗೆ ನಿಜವಾಗಿ ನೋವಾದ ಜಾಗದಲ್ಲಿ ಮಾತು ತಡವರಿಸುತ್ತದೆ.

ಎರಡನೆಯ ಭೇಟಿಯಲ್ಲಿ, ಯಾವ ವಿಷಯವನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಯಾವುದನ್ನು ಆಕೆಯ ಸುರಕ್ಷತೆಗಾಗಿ ಬೇರೆಯವರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನು ಮತ್ತೊಮ್ಮೆ ಬಿಡಿಸಿ ಹೇಳಿ, ಒಂದೇ ಪ್ರಶ್ನೆ ಕೇಳಿದೆ: ‘ಆ ದಿನ ಬ್ಯಾಗು ಸುರಿದಾಗ ಮೊದಲು ಬಿದ್ದದ್ದು ಏನು?’ ಆಕೆ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಬಹಳ ಹೊತ್ತಾದ ಮೇಲೆ, ‘ಪೇಪರಲ್ಲಿ ಸುತ್ತಿದ್ದು’ ಎಂದಳು. ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟುಕೊಂಡಿದ್ದ ಎರಡು ಪ್ಯಾಡುಗಳು ಮೇಜಿನಿಂದ ಜಾರಿ ನೆಲಕ್ಕೆ ಬಿದ್ದು ಹಾಳೆ ಬಿಚ್ಚಿಕೊಂಡಿತ್ತು. ಹಿಂದಿನ ಬೆಂಚಿನ ಹುಡುಗರು ನಕ್ಕಿದ್ದರು. ಅಂದಿನಿಂದ ಇಬ್ಬರು ಹುಡುಗರು ಆಕೆ ಎದುರಾದಾಗಲೆಲ್ಲ ‘ಪೇಪರ್, ಪೇಪರ್’ ಎಂದು ಮಾರಾಟಗಾರರ ಧಾಟಿಯಲ್ಲಿ ಕೂಗುತ್ತಿದ್ದರು. ಇದನ್ನು ದೂರು ಪೆಟ್ಟಿಗೆಗೆ ಬರೆಯಲು ಹದಿನಾಲ್ಕರ ಹುಡುಗಿಗೆ ಪದಗಳು ಎಲ್ಲಿವೆ? ನೂರು ರೂಪಾಯಿಗೆ ಪದಗಳಿದ್ದವು, ಅದನ್ನು ಬರೆದಳು. ಯಾವ ವಸ್ತುವನ್ನು ಸರ್ಕಾರ ಶುಚಿ ಯೋಜನೆಯಡಿ ಶಾಲೆಯ ಮೂಲಕವೇ ಹೆಣ್ಣುಮಕ್ಕಳ ಕೈಗೆ ಕೊಡಿಸುತ್ತದೆಯೋ ಅದು ಅದೇ ಶಾಲೆಯ ನೆಲದ ಮೇಲೆ ಬಿದ್ದಾಗ ಇಡೀ ತರಗತಿಯಲ್ಲಿ ಒಬ್ಬರಿಗೂ ಬಗ್ಗಿ ಎತ್ತಿಕೊಡಬೇಕೆಂದು ತೋಚಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಇಲ್ಲಿ ನಾನು ಮಾಡಬೇಕಾದ ಒಂದು ವಿಚಾರಣೆ ಇತ್ತು, ಅದನ್ನು ಸುತ್ತುಬಳಸದೆ ಮಾಡಿದೆ. ಮೇಷ್ಟ್ರು ಮೈ ಮುಟ್ಟಿ ತಪಾಸಣೆ ಮಾಡಿದರೇ, ಅಂದು ಅಥವಾ ಬೇರೆ ಯಾವತ್ತಾದರೂ ಅಸಭ್ಯವಾಗಿ ನಡೆದುಕೊಂಡರೇ ಎಂದು ನೇರವಾಗಿ ಕೇಳಿದೆ. ಇಲ್ಲವೆಂದು ಆಕೆ ಸ್ಪಷ್ಟವಾಗಿ ಹೇಳಿದಳು. ಜೊತೆಯ ಹುಡುಗಿಯರ ಮಾತೂ ಅದೇ ಆಗಿತ್ತು. ಉತ್ತರ ಬೇರೆಯಾಗಿದ್ದರೆ, 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯವಾಗುತ್ತಿತ್ತು, ಕೂಡಿಸಿ ಮಾತನಾಡಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಾಗೆಂದು ನಡೆದದ್ದು ಹಗುರವಾದುದೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಔಪಚಾರಿಕ ದೂರು ಕೊಡುವ ಹಕ್ಕು ಆಕೆಗೂ ತಾಯಿಗೂ ಇದೆಯೆಂದು, ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯ ಸಮೇತ, ಇಬ್ಬರಿಗೂ ತಿಳಿಸಿದೆ. ‘ದೂರು ಬೇಡ ಮೇಡಂ, ಇವಳು ಶಾಲೆ ಬಿಡದಿದ್ದರೆ ಸಾಕು’ ಎಂದರು ತಾಯಿ. ಹುಡುಗಿ ಬೇಡಿದ್ದು ಮೂರು: ನೂರು ರೂಪಾಯಿ ಅಮ್ಮನ ಕೈಗೆ ಬರಬೇಕು, ‘ಪೇಪರ್’ ಎಂದು ಕೂಗುವುದು ನಿಲ್ಲಬೇಕು, ಲೆಕ್ಕದ ತರಗತಿಯಲ್ಲಿ ತನ್ನನ್ನು ಬೋರ್ಡಿಗೆ ಕರೆಯಬಾರದು.

ಪ್ಯಾಡಿನ ವಿಷಯವನ್ನು ಆಕೆಯ ಅನುಮತಿ ಪಡೆದೇ ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ಬಿದ್ದದ್ದನ್ನು ನೋಡಿದೆ ಮೇಡಂ. ನೋಡಿದವನಂತೆ ಮಾಡಿದರೆ ಅವಳಿಗೆ ಇನ್ನಷ್ಟು ನಾಚಿಕೆಯಾಗುತ್ತದೆಂದು ಬೋರ್ಡಿನ ಕಡೆ ತಿರುಗಿಬಿಟ್ಟೆ’ ಎಂದರು. ಅದು ಸುಳ್ಳಲ್ಲ, ಆದರೆ ಅವರು ಬೋರ್ಡಿನ ಕಡೆ ತಿರುಗಿದ ಆ ಅರ್ಧ ನಿಮಿಷದಲ್ಲೇ ಹುಡುಗರು ನಕ್ಕರು, ನಗಲು ಅಡ್ಡಿಯಿಲ್ಲವೆಂದು ತಿಳಿದುಕೊಂಡರು. ಇದನ್ನು ಅವರಿಗೆ ಹೇಳಲೇಬೇಕಾಯಿತು.

ಹಣದ ವಿಷಯದಲ್ಲಿ ಅವರು ಪಟ್ಟು ಬಿಡಲಿಲ್ಲ. ಕೊಟ್ಟರೆ ಕದ್ದದ್ದನ್ನು ಒಪ್ಪಿಕೊಂಡಂತಾಗುತ್ತದೆ ಎಂಬುದು ಅವರ ಭಯವಾಗಿತ್ತು. ‘ಸರ್, ಸೊಸೈಟಿಯಲ್ಲಿ ಒಡವೆ ಅಡವಿಟ್ಟಾಗ ಏನು ಮಾಡುತ್ತಾರೆ?’ ಎಂದು ಕೇಳಿದೆ. ತೂಕ ಮಾಡುತ್ತಾರೆ, ಚೀಟಿ ಬರೆಯುತ್ತಾರೆ, ಬಿಡಿಸಿಕೊಳ್ಳುವ ತಾರೀಖು ಹಾಕುತ್ತಾರೆ ಎಂದರು. ‘ಆಮೇಲೆ ಒಡವೆಯಲ್ಲಿ ಒಂದು ಗುಂಡು ಕಡಿಮೆಯಾಗಿದ್ದರೆ?’ ಮೇಷ್ಟ್ರು ತಾವೇ ಉತ್ತರಿಸಿದರು: ಯಾರು ತೆಗೆದರೆಂದು ಗೊತ್ತಾಗದಿದ್ದರೂ ಸೊಸೈಟಿಯೇ ಹೊಣೆ. ಬಾಕ್ಸನ್ನು ತೆಗೆದುಕೊಂಡಾಗ ಒಳಗೇನಿದೆಯೆಂದು ಎಣಿಸಲಿಲ್ಲ, ಬೀಗ ಹಾಕಲಿಲ್ಲ, ಮರಳಿಸುವ ದಿನ ಹೇಳಲಿಲ್ಲ. ಅಪ್ಪ ಬಂದ ದಿನ ಎಂಬುದು ಆ ಮನೆಗೆ ತಾರೀಖೇ ಅಲ್ಲ. ತಾರೀಖಿಲ್ಲದೆ ಎತ್ತಿಟ್ಟ ವಸ್ತು ದಿನ ಕಳೆದಂತೆ ಮಗುವಿನ ಕಣ್ಣಿಗೆ ಕಿತ್ತುಕೊಂಡ ವಸ್ತುವಾಗಿಯೇ ಕಾಣುತ್ತದೆ. ಅದರಲ್ಲೊಂದು ನೋಟು ಕಾಣೆಯಾದಾಗ ‘ಕದ್ದರು’ ಎಂಬ ಪದ ತಾನಾಗಿ ಬಾಯಿಗೆ ಬರುತ್ತದೆ. ಮೇಷ್ಟ್ರು ಯೋಚಿಸಲು ಒಂದು ವಾರ ಕೇಳಿದರು, ನಾನು ಒತ್ತಾಯಿಸಲಿಲ್ಲ.

ಹುಡುಗಿಗೂ ಹೇಳಬೇಕಾದ ಮಾತೊಂದಿತ್ತು. ನಿನ್ನ ಹಣ ಕಡಿಮೆಯಾಗಿದೆ ಎಂಬುದು ನೀನು ಕಂಡದ್ದು. ಸರ್ ಕದ್ದರು ಎಂಬುದು ನೀನು ಕಾಣದೆ ಬರೆದದ್ದು. ಮೊದಲನೆಯದನ್ನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳು, ಎರಡನೆಯದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ನೀನೇ ಯೋಚಿಸು ಎಂದೆ. ಕ್ಷಮೆ ಕೇಳೆಂದು ನಾನು ಹೇಳಲಿಲ್ಲ. ಅಷ್ಟು ಅವಮಾನ ಉಂಡ ಮಗುವಿನಿಂದ ಮೊದಲ ಕ್ಷಮೆ ಹೊರಡಿಸುವುದು ನಮ್ಮ ಶಾಲೆಗಳ ಹಳೆಯ ಚಾಳಿ. ತಾಯಿಗೆ ಹೇಳಿದ್ದು ಎರಡೇ ಮಾತು: ಹೊಡೆದದ್ದು ಸರಿಯಾಗಲಿಲ್ಲ, ಕಂತಿನ ಹಣವನ್ನು ಇನ್ನು ಮುಂದೆ ಮಗಳ ಕೈಯಲ್ಲಿ ಕಳುಹಿಸಬೇಡಿ.

ಮುಂದಿನ ಶನಿವಾರ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯಲ್ಲಿ ಐದು ಜನ ಕುಳಿತೆವು. ತರಗತಿಯ ಮುಂದೆ ಕ್ಷಮೆ ಕೇಳುತ್ತೇನೆಂದು ಮೇಷ್ಟ್ರು ಮೊದಲೇ ಹೇಳಿಕಳುಹಿಸಿದ್ದರು, ಹುಡುಗಿ ಬೇಡವೆಂದಿದ್ದಳು. ತರಗತಿಯಲ್ಲಿ ಆ ಮಾತು ಎದ್ದರೆ ನೆಲದ ಮೇಲಿನ ಹಾಳೆ ಮತ್ತೊಮ್ಮೆ ಬಿಚ್ಚಿಕೊಂಡಂತೆ ಎಂಬುದು ನಮ್ಮೆಲ್ಲರಿಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ಮೇಷ್ಟ್ರು ನೂರರ ನೋಟನ್ನು ತಾಯಿಯ ಮುಂದಿಟ್ಟು, ‘ನಾನು ತೆಗೆದಿಲ್ಲಮ್ಮ. ಆದರೆ ನನ್ನ ವಶದಲ್ಲಿದ್ದಾಗ ಹೋಗಿದೆ, ಹೊಣೆ ನನ್ನದು’ ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, ‘ಬ್ಯಾಗನ್ನು ಹಾಗೆ ಸುರಿಯಬಾರದಿತ್ತು ಕಣಮ್ಮಾ’ ಎಂದರು. ಹುಡುಗಿ ಮೇಜಿನ ಮೇಲಿದ್ದ ತನ್ನ ಚೀಟಿಯಲ್ಲಿ ಒಂದು ಪದವನ್ನು ಹೊಡೆದುಹಾಕಿ ಅದರ ಮೇಲೆ ಬೇರೆ ಬರೆದಳು, ನಡುವೆ ಎರಡು ಪದ ಸೇರಿಸಿದಳು. ‘ಲೆಕ್ಕದ ಸರ್ ಹತ್ತಿರ ಇದ್ದಾಗ ನನ್ನ ದುಡ್ಡು ಕಳೆದಿದೆ’ ಎಂದಾಯಿತು ಅದು.

ಶಾಲೆಗೆ ನಾನು ಬರೆದುಕೊಟ್ಟ ಸಲಹೆ ಒಂದು ಪುಟದ್ದು. ಗುಮಾನಿ ಬಂದ ಮಗುವನ್ನು ಹೊರಗೆ ಕರೆದು, ಇನ್ನೊಬ್ಬ ಶಿಕ್ಷಕರ ಎದುರಿನಲ್ಲಿ, ಮಗು ತಾನೇ ಬ್ಯಾಗು ತೆರೆದು ತೋರಿಸುವಂತೆ ಕೇಳಬೇಕು. ಹೆಣ್ಣುಮಕ್ಕಳಾದರೆ ಶಿಕ್ಷಕಿಯೇ ಇರಬೇಕು. ಹಣ, ಔಷಧಿ, ಬಸ್ ಪಾಸು, ಪ್ಯಾಡು ಇವನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಕೂಡದು. ಇಟ್ಟುಕೊಂಡ ವಸ್ತುವಿಗೆ ಪುಸ್ತಕದಲ್ಲಿ ನಮೂದು, ಮಗುವಿನ ಸಹಿ, ಮರಳಿಸುವ ತಾರೀಖು ಇರಬೇಕು. ಅಪ್ಪನೇ ಬರಬೇಕೆಂಬ ಷರತ್ತನ್ನು ಕೈಬಿಟ್ಟು, ಅಮ್ಮನೋ ಅಜ್ಜಿಯೋ ಬಂದರೆ ಸಾಕು, ಯಾರೂ ಬರಲಾಗದಿದ್ದರೆ ಫೋನಿನಲ್ಲಿ ಮಾತನಾಡಿದರೂ ಆಗಬಹುದು ಎಂದು ಸೇರಿಸಿದೆ. ಬೀಗದ ಕೈಯನ್ನು ಮೊಳೆಯಿಂದ ತೆಗೆಯಬೇಕೆಂಬ ಸಾಲನ್ನು ಮೇಷ್ಟ್ರೇ ಸೇರಿಸಿದರು. ಕೂಗುತ್ತಿದ್ದ ಇಬ್ಬರು ಹುಡುಗರನ್ನು ಹುಡುಗಿಯ ಹೆಸರೆತ್ತದೆ ಬೇರೆಯಾಗಿ ಕೂರಿಸಿ ಮಾತನಾಡಿದೆ. ಒಬ್ಬನಿಗೆ ತಕ್ಷಣ ಅರ್ಥವಾಯಿತು, ಇನ್ನೊಬ್ಬನ ಜೊತೆ ಮತ್ತೆರಡು ಸಲ ಕೂರಬೇಕಾಯಿತು. ಒಂಬತ್ತನೇ ತರಗತಿಯ ಎಲ್ಲ ಮಕ್ಕಳಿಗೂ, ಹುಡುಗರನ್ನು ಹೊರಗೆ ಕಳುಹಿಸದೆ, ಮುಟ್ಟಿನ ಬಗ್ಗೆ ಒಂದು ಪಾಠವನ್ನು ವಿಜ್ಞಾನದ ಶಿಕ್ಷಕಿ ನಡೆಸಿದರು.

ಹುಡುಗಿ ಈಗ ದಿನವೂ ಶಾಲೆಗೆ ಬರುತ್ತಿದ್ದಾಳೆ. ಮೇಷ್ಟ್ರು ಆಕೆಯನ್ನು ಬೋರ್ಡಿಗೆ ಕರೆಯುವುದಿಲ್ಲ. ಲೆಕ್ಕದಲ್ಲಿ ಅನುಮಾನ ಬಂದರೆ ಪಕ್ಕದ ಗೆಳತಿಯ ಬಾಯಿಂದ ಕೇಳಿಸುತ್ತಾಳೆ, ಅವರು ಗೆಳತಿಯನ್ನು ನೋಡಿಕೊಂಡೇ ಇವಳಿಗೂ ಕೇಳುವಂತೆ ಉತ್ತರಿಸುತ್ತಾರೆ. ಇದು ಎಷ್ಟು ದಿನ ನಡೆಯಬೇಕೆಂದು ಅವರು ನನ್ನನ್ನು ಕೇಳಿದಾಗ, ಅವಳು ತಾನಾಗಿ ಕೇಳುವವರೆಗೆ ಎಂದಿದ್ದೇನೆ. ಮುಂದಿನ ಭೇಟಿಯನ್ನು ಅರ್ಧವಾರ್ಷಿಕ ಪರೀಕ್ಷೆಯ ನಂತರದ ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ.