ಅಜ್ಜನ ಅಪ್ಪನಿಗಿಂತ ಹಿಂದಿನ ಹೆಸರು ಹುಡುಕೋದು ಹೇಗೆ?

ಅಜ್ಜನ ಅಪ್ಪನವರೆಗೆ ಹೆಸರು ಗೊತ್ತು, ಅದರ ಹಿಂದಿನದು ಹೇಗೆ ಹುಡುಕಲಿ ಅಂತ ಕೇಳಿದ್ದೀರಿ. ನಾನೂ ಅಲ್ಲೇ ನಿಂತಿದ್ದೆ. ನಮ್ಮದು ಧಾರವಾಡ ಕಡೆಯ ಒಕ್ಕಲುತನದ ಮನೆ. ಈಗ ನನ್ನನ್ನೂ ಸೇರಿಸಿ ಏಳು ತಲೆಮಾರು ಸಿಕ್ಕಿವೆ.

ನಾಡಕಚೇರಿಯಲ್ಲಿ ವಂಶವೃಕ್ಷ ಕೊಡುತ್ತಾರಲ್ಲ, ಅದು ಇದಕ್ಕೆ ಉಪಯೋಗವಿಲ್ಲ. ನೀವು ಹೇಳಿದ್ದನ್ನೇ ವಿಚಾರಣೆ ಮಾಡಿ ಬರೆದುಕೊಡುತ್ತಾರೆ, ಅಷ್ಟೇ.

ನಿಮ್ಮೂರು ನಮ್ಮ ಕಡೆಯದಾದರೆ ಮೊದಲು ಹೆಳವರನ್ನು ವಿಚಾರಿಸಿ. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬಂದು ಮನೆತನದ ಹೆಸರುಗಳನ್ನು ಹೇಳುತ್ತಿದ್ದವರು. ಒಬ್ಬೊಬ್ಬರಿಗೆ ಇಂಥ ಊರು, ಇಂಥ ಮನೆ ಅಂತ ಹಂಚಿಕೆ ಇರುತ್ತದೆ. ಹಾಗಾಗಿ ಯಾರೋ ಒಬ್ಬರು ಸಿಕ್ಕರೆ ಸಾಲದು, ನಿಮ್ಮ ಮನೆತನದ ಹೆಳವರೇ ಬೇಕು. ಸುಗ್ಗಿ ಮುಗಿದ ಮೇಲೆ ಬರುತ್ತಾರೆ, ಅದೂ ಪ್ರತಿ ವರ್ಷ ಅಲ್ಲ. ನಾವು ಎರಡು ವರ್ಷ ಕಾದೆವು. ಬಂದವರು ಕೈಬರಹದ ಪುಸ್ತಕ ತೆಗೆದು ಒಂದೇ ಉಸಿರಿನಲ್ಲಿ ಓದಿದರು. ಜೋಳ, ದುಡ್ಡು ಕೊಟ್ಟೆವು. ನನ್ನ ಮಗನ ಹೆಸರನ್ನೂ ಕೊನೆಗೆ ಬರೆದುಕೊಂಡರು.

ಆದರೆ ಅದನ್ನೇ ಪೂರ್ತಿ ನಂಬಬೇಡಿ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ ಅಲ್ವಾ? ನಿಂಗಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ನಿಂಗಪ್ಪ. ಬಾಯಿಂದ ಬಾಯಿಗೆ, ಪುಸ್ತಕದಿಂದ ಪುಸ್ತಕಕ್ಕೆ ಬರುವಾಗ ಇಬ್ಬರು ನಿಂಗಪ್ಪರು ಒಬ್ಬನಾಗಿಬಿಡುತ್ತಾರೆ. ನಡುವಿನ ಬಸಪ್ಪನೂ ಮಾಯ. ನಮಗೆ ಆಗಿದ್ದು ಇದೇ. ಪುಸ್ತಕದ ಪ್ರಕಾರ ಮುತ್ತಜ್ಜ ನಿಂಗಪ್ಪನ ಅಪ್ಪ ಬಸಪ್ಪ. ಮನೆಯ ಪೆಟ್ಟಿಗೆಯಲ್ಲಿದ್ದ ಹಳೇ ಜಮೀನಿನ ಕಾಗದ ನೋಡಿದರೆ ಆ ಬಸಪ್ಪ 1876–78ರ ದೊಡ್ಡ ಬರಕ್ಕೂ ಮೊದಲೇ ತೀರಿಕೊಂಡಿದ್ದಾನೆ. ಮುತ್ತಜ್ಜ ಹುಟ್ಟಿದ್ದು ಬರ ಕಳೆದು ಇಪ್ಪತ್ತು ವರ್ಷಕ್ಕೆ! ಸತ್ತವನಿಗೆ ಮಗ ಹುಟ್ಟಿದ್ದು ಹೇಗೆ? ಆಗಲೇ ಗೊತ್ತಾಯಿತು, ಎರಡು ತಲೆಮಾರು ಕಳೆದುಹೋಗಿವೆ ಅಂತ.

ಆ ಕಾಗದ ಮೋಡಿ ಲಿಪಿಯಲ್ಲಿತ್ತು, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹ. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತಲ್ಲ, ಹಳೇ ಕಾಗದ ಜಾಸ್ತಿ ಹಾಗೇ. ಓದಬಲ್ಲ ಹಿರಿಯರೊಬ್ಬರು ಸಿಗಲು ಆರು ತಿಂಗಳು ಬೇಕಾಯಿತು. ಈಚಿನ ತಲೆಮಾರಿಗೆ ತಾಲ್ಲೂಕು ಕಚೇರಿಯ ಹಳೇ ಉತಾರ (ಪಹಣಿ), ವಾರಸಾ ನೋಂದಣಿಯ ನಕಲು ಸಾಕು. ಸರ್ವೆ ನಂಬರ್ ಹಿಡಿದು ಅರ್ಜಿ ಹಾಕಿ. ಹೆಸರು ಹಿಡಿದು ಹೋದರೆ ಸುಮ್ನೆ ಅಲೆದಾಟ.

ಇಷ್ಟಾದರೂ ಒಬ್ಬ ಹೆಂಗಸಿನ ಹೆಸರೂ ಸಿಗಲಿಲ್ಲ. ಅದಕ್ಕೆ ಅಟ್ಟದ ಮೇಲಿನ ಹಿತ್ತಾಳೆ, ತಾಮ್ರದ ಪಾತ್ರೆ ಇಳಿಸಿ ನೋಡಿ. ತವರಿನಿಂದ ಬಂದ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರು. ನಮ್ಮ ಮುತ್ತಜ್ಜಿಯ ಹೆಸರು, ಅವಳ ಅಪ್ಪನ ಹೆಸರು, ಊರು ಮೂರೂ ಸಿಕ್ಕಿದ್ದು ಒಂದು ಸೊಟ್ಟಗಾದ ಕೊಡದ ಕಂಠದ ಮೇಲೆ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಕಾಣಿಸಿತು.