ರಿಮೋಟಲ್ಲಿ ಲಾಕ್ ಮಾಡಿದ ಕಾರನ್ನ ಕೀಲಿಯಿಂದ ತೆಗೆದ್ರೆ ಅಲಾರಂ ಯಾಕೆ ಹೊಡ್ಕೊಳುತ್ತೆ?

ಕಾರು ಕೆಟ್ಟಿಲ್ಲ, ಅಲಾರಂ ಇನ್ನೂ ಆನ್ ಇದೆ ಅಷ್ಟೇ. ರಿಮೋಟಲ್ಲಿ ಲಾಕ್ ಒತ್ತಿದಾಗ ಡೋರ್ ಜೊತೆಗೆ ಅಲಾರಮ್ಮೂ ಕಾವಲಿಗೆ ಕೂರುತ್ತೆ, ಅದನ್ನ ಹೊರಗಿನಿಂದ ಆಫ್ ಮಾಡೋಕೆ ಸಾಮಾನ್ಯವಾಗಿ ರಿಮೋಟಿನ ಅನ್‌ಲಾಕ್ ಸಿಗ್ನಲ್ ಬೇಕು, ಆ ಸಿಗ್ನಲ್ಲಲ್ಲಿ ಪ್ರತಿ ಸಲ ಬದಲಾಗೋ ಒಂದು ಕೋಡ್ ಇರುತ್ತೆ, ಕಾರು ಅದನ್ನ ತಾಳೆ ನೋಡಿ ಓನರ್ರೇ ಅಂತ ಒಪ್ಕೊಳುತ್ತೆ. ಡೋರಿಗೆ ಹಾಕೋ ಕೀಲಿ ಬಹಳಷ್ಟು ಕಾರುಗಳಲ್ಲಿ ಲಾಕನ್ನ ತಿರುಗಿಸುತ್ತೆ ಹೊರತು ಅಲಾರಂಗೆ ಏನೂ ತಿಳಿಸಲ್ಲ, ಹಾಗಾಗಿ ಡೋರ್ ತೆಗೆದ ತಕ್ಷಣ ಯಾರೋ ಲಾಕ್ ಮುರಿದ್ರು ಅಂತಲೇ ಅದು ಲೆಕ್ಕ ಹಾಕುತ್ತೆ.

ರಿಮೋಟ್ ಬ್ಯಾಟರಿ ಸತ್ತಾಗ ಹೀಗಾದ್ರೆ ದಯವಿಟ್ಟು ಗಾಬರಿಯಾಗಿ ವೈರ್ ಗೀರ್ ಕೀಳೋಕೆ ಹೋಗ್ಬೇಡಿ. ಒಳಗೆ ಕೂತು ಕೀಲಿ ಹಾಕಿ ಇಗ್ನಿಷನ್ ಆನ್ ಮಾಡಿ, ಕೀಲಿಯ ತಲೆಯೊಳಗಿರೋ ಚಿಪ್ಪನ್ನ ಕಾರು ಗುರುತು ಹಿಡಿದ್ರೆ ಸಾಮಾನ್ಯವಾಗಿ ಅಲಾರಂ ನಿಲ್ಲುತ್ತೆ, ಆ ಚಿಪ್ಪಿಗೆ ಬ್ಯಾಟರಿ ಬೇಡವೇ ಬೇಡ. ಪುಶ್ ಬಟನ್ ಕಾರಾದ್ರೆ ಹೆಚ್ಚಿನವುಗಳಲ್ಲಿ ಬ್ರೇಕ್ ತುಳಿದು ರಿಮೋಟನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಬೇಕು, ನಿಮ್ಮ ಕಾರಲ್ಲಿ ಎಲ್ಲಿ ತಾಗಿಸೋದು ಅಂತ ಮ್ಯಾನುಯಲ್ಲಲ್ಲಿ ಇವತ್ತೇ ಒಂದ್ಸಲ ನೋಡಿಟ್ಕೊಳ್ಳಿ.