ಅಂಗಡಿ ಮಾವನ ಡಬ್ಬ

ಪ್ರಶ್ನೆ: ನಾನು ಹಾಸನದವನು, ವಯಸ್ಸು 41. ಚಿಕ್ಕವನಿದ್ದಾಗ ಕ್ರಿಕೆಟ್ ಕಾರ್ಡ್ ಕೊಳ್ಳುತ್ತಿದ್ದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಅಂಗಡಿ ಈ ಯುಗಾದಿಗೆ ಮುಚ್ಚಿತು. ಅಂಗಡಿ ಮಾವನಿಗೆ ಈಗ 78. ಅಟ್ಟ ಖಾಲಿ ಮಾಡಿಕೊಡಲು ಹೋದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ ಕಾರ್ಡುಗಳ ಒಂದು ಡಬ್ಬ ಸಿಕ್ಕಿತು, ಸೀಲು ಕೂಡ ಒಡೆದಿಲ್ಲ. "ಇದಕ್ಕೇನಾದ್ರೂ ಬೆಲೆ ಇದೆಯೇನೋ?" ಅಂದರು. "ಏನಿಲ್ಲ ಮಾವ, ಮಗನಿಗೆ ಆಡೋಕಾಗುತ್ತೆ" ಅಂದೆ. ಬೇಡ ಬೇಡ ಅನ್ನುತ್ತಲೇ 500 ರೂಪಾಯಿ ತಗೊಂಡರು. ಈಗ ಬೆಂಗಳೂರಿನವರೊಬ್ಬರು 40,000 ಕೊಡ್ತೀನಿ ಅಂತಿದ್ದಾರೆ. ಹೆಂಡತಿ "ಕೊಂಡಿದ್ದು ಕೊಂಡಾಯ್ತು, ಸುಮ್ನಿರಿ" ಅಂತಾಳೆ. ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಹೆಂಡತಿಯ ಮಾತಿನಲ್ಲಿ ಅರ್ಧ ನಿಜ ಇದೆ. ಗುಜರಿಯಿಂದ ಕೆಜಿ ಲೆಕ್ಕದಲ್ಲಿ ತಾಮ್ರದ ಹಂಡೆ ತಂದು, ಹುಣಸೆಹಣ್ಣು ಹಾಕಿ ತಿಕ್ಕಿ, ಹತ್ತು ಪಟ್ಟಿಗೆ ಮಾರುವವನನ್ನು ಯಾರೂ ಕಳ್ಳ ಅನ್ನುವುದಿಲ್ಲ. ಮಾವ ತಾವಾಗಿಯೇ "ತಗೊಂಡ್ಹೋಗೋ" ಅಂತ ಡಬ್ಬ ಕೈಗಿಟ್ಟಿದ್ದರೆ ನಾನೂ ಸುಮ್ನಿರಿ ಅನ್ನುತ್ತಿದ್ದೆ. ಆದರೆ ಅವರು ಬಾಯಿಬಿಟ್ಟು ಕೇಳಿದರು. ನೀವು ಗೊತ್ತಿದ್ದೂ ಏನಿಲ್ಲ ಅಂದಿರಿ, ಸಾಲದ್ದಕ್ಕೆ ಮಗನನ್ನೂ ನಡುವೆ ತಂದಿರಿ. ಚುಚ್ಚುತ್ತಿರುವುದು ಆ ಒಂದು ಮಾತು. 40,000ದ ಬದಲು 4,000 ಆಗಿದ್ದರೂ ಚುಚ್ಚುತ್ತಿತ್ತು.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಬಿಗ್ ಫನ್ ಬಬಲ್‌ಗಮ್ ಕಾಲದವಳು ನಾನೂ. ಗಮ್ ಬೇಗ ಬೇಗ ಜಗಿದು ಉಗಿದು, ಕಾರ್ಡಿನ ಹಿಂದೆ ಎಷ್ಟು ರನ್, ಎಷ್ಟು ವಿಕೆಟ್ ಅಂತ ನೋಡುವುದೇ ಕೆಲಸ. ಇಂತಿಷ್ಟು ಕೂಡಿದರೆ ಫ್ಲಿಪ್ ಪುಸ್ತಕ (ಪುಟ ಸರಸರ ತಿರುವಿದರೆ ಚಿತ್ರ ಓಡುವಂಥದ್ದು) ಸಿಗುತ್ತಿತ್ತು, ಅದಕ್ಕೆ ಒಳ್ಳೊಳ್ಳೆ ಕಾರ್ಡುಗಳನ್ನೇ ವಾಪಸ್ ಕೊಟ್ಟುಬಿಡುತ್ತಿದ್ದೆವು. ಜಾವಗಲ್ ಇರುವುದು ನಿಮ್ಮ ಅರಸೀಕೆರೆ ತಾಲ್ಲೂಕಿನಲ್ಲೇ ಅಲ್ವಾ, ಶ್ರೀನಾಥ್ ಕಾರ್ಡಿಗೆ ನಿಮ್ಮ ಕ್ಲಾಸಿನಲ್ಲಿ ಎಷ್ಟು ಜಗಳ ಆಗಿರಬೇಕು! ಉಳಿದ ಕಾರ್ಡುಗಳನ್ನು ನನ್ನ ತಮ್ಮ ಶೂ ಡಬ್ಬದಲ್ಲಿ ಇಟ್ಟಿದ್ದ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಅವೆಲ್ಲ ಒಂದಕ್ಕೊಂದು ಅಂಟಿ, ನೆನೆದ ಹಪ್ಪಳದ ಕಟ್ಟಿನ ಹಾಗಾದವು. ಬಿಡಿಸಲು ಹೋದರೆ ಆಟಗಾರನ ಮುಖ ಹಿಂದಿನ ಕಾರ್ಡಿಗೆ ಅಂಟಿಕೊಂಡು ಬರುತ್ತಿತ್ತು.

ಹೀಗೆ ಹಾಳಾಗಿ, ಎಸೆದು, ಕೊನೆಗೆ ಉಳಿದದ್ದಕ್ಕೇ ಬೆಲೆ. ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ತಂದ ಬೇಸ್‌ಬಾಲ್ ಕಾರ್ಡುಗಳು ಪೂರ್ತಿ ಖರ್ಚಾಗಲಿಲ್ಲ, ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ತುಂಬಿಸಿ ಸಮುದ್ರಕ್ಕೆ ಸುರಿದರಂತೆ. ಅದೇ 1952ರ, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ನಿಮ್ಮ ಮಾವ ಸುಮ್ನೆ ಅಟ್ಟಕ್ಕೆ ಹಾಕಿಟ್ಟರು. ಎಸೆಯಲಿಲ್ಲ, ಇಲಿಗೂ ಬಿಡಲಿಲ್ಲ. ಆ ಡಬ್ಬ ಇವತ್ತು ಇರುವುದಕ್ಕೆ ಅಷ್ಟು ವರ್ಷ ಜಾಗ ಕೊಟ್ಟವರು ಅವರು, ಅದು ಏನು ಅಂತ ಗುರುತು ಹಿಡಿದವರು ನೀವು. ಅದಕ್ಕೇ ಅರ್ಧ ಅರ್ಧ ಅನ್ನುವುದು ನನಗೆ ನ್ಯಾಯ ಅನಿಸುತ್ತದೆ.

ಹೋಗಿ ಹೇಳಿ. ಮಾರುವ ಮೊದಲೇ ಹೇಳಿ, ದುಡ್ಡು ಕೈಗೆ ಬಂದ ಮೇಲೆ ಎಲ್ಲರಿಗೂ ಒಂದೊಂದು ಖರ್ಚು ನೆನಪಾಗುತ್ತದೆ. ಡಬ್ಬವನ್ನೂ ಜೊತೆಗೆ ಒಯ್ಯಿರಿ. "ಮಾವ, ಅವತ್ತು ನೀವು ಕೇಳಿದಾಗ ಸುಳ್ಳು ಹೇಳಿದೆ" ಅಂತ ಶುರು ಮಾಡಿ, ಬೆಲೆಯ ಮಾತು ಆಮೇಲೆ ಬರಲಿ. ಹಬ್ಬದ ನೆಪದಲ್ಲಿ ಐದು ಸಾವಿರದ ಕವರ್ ಕೊಟ್ಟು ಬರೋಣ ಅನ್ನುವ ಯೋಚನೆ ತಲೆಯಲ್ಲಿದ್ದರೆ (ಇದ್ದೇ ಇರುತ್ತದೆ) ಬಿಟ್ಟುಬಿಡಿ, ಅದು ಇನ್ನೊಂದು ಸುಳ್ಳು. ಅವರು ನಕ್ಕು ನೀನೇ ಇಟ್ಕೋ ಅನ್ನಬಹುದು. ಬೇಜಾರಾಗಿ ಡಬ್ಬ ವಾಪಸ್ ಕೇಳಲೂಬಹುದು. ಕೇಳಿದರೆ ಕೊಟ್ಟು ಬರಬೇಕು, ಅಷ್ಟಕ್ಕೆ ತಯಾರಾಗಿಯೇ ಹೋಗಿ.

ಇನ್ನೊಂದು, ಆ 40,000 ಇನ್ನೂ ಬಾಯಿಮಾತು. ಒಬ್ಬರ ಮಾತಿಗೆ ಕಟ್ಟುಬೀಳದೆ ಇನ್ನಿಬ್ಬರು ಸಂಗ್ರಹಕಾರರನ್ನು ಕೇಳಿ. ಒಳಗೇನಿದೆ ಅಂತ ನೋಡುವ ಚಪಲಕ್ಕೆ ಸೀಲು ಮಾತ್ರ ಒಡೆಯಬೇಡಿ. ಬಿಡಿ ಕಾರ್ಡಾದರೆ ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವಿಗಿದೆಯೇ ಅಂತೆಲ್ಲ ನೋಡಿ ಹತ್ತಕ್ಕೆ ಅಂಕ ಹಾಕುತ್ತಾರೆ, ಹಳೇ ಗಮ್ಮಿನ ಕಲೆ ಇದ್ದರೂ ಬೆಲೆ ಇಳಿಯುತ್ತದೆ. ಜೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದರಂತೂ ಕಥೆ ಮುಗಿಯಿತು. ಮಳೆ ಹಿಡಿಯುವ ಮೊದಲು ಡಬ್ಬವನ್ನು ಗೋಡೆಯಿಂದ ದೂರ ಇಡಿ, ಪಕ್ಕದಲ್ಲಿ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕಿರಲಿ. ಕೊರಿಯರ್ ಮಾಡಬೇಡಿ, ಮುಖಾಮುಖಿ ಕೊಟ್ಟು ಅಲ್ಲೇ ದುಡ್ಡು ಎಣಿಸಿಕೊಳ್ಳಿ.

ಅಡ್ವಾನ್ಸ್ ಏನೂ ತಗೊಂಡಿಲ್ಲ ತಾನೇ? ತಗೊಂಡಿದ್ದರೆ ಇವತ್ತೇ ವಾಪಸ್ ಹಾಕಿ, ಮಾವನ ಮನೆಗೆ ನಾಳೆ ಹೋಗಿ.